ಹಕ್ಕಿಯನ್ನು ಅದರ ದನಿಯಲ್ಲೇ ಕರೆಯುವುದು: ತುಟಿ, ಸಿಳ್ಳೆ, ಬೊಗಸೆ

ಪೊದೆಯೊಳಗಿಂದ ಚಿಲಿಪಿಲಿ ಬರುತ್ತಿರುತ್ತದೆ, ಎಲೆ ಅಲ್ಲಾಡುತ್ತಿರುತ್ತದೆ, ಹಕ್ಕಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಹತ್ತಿರ ಹೋದರೆ ಇನ್ನೂ ಒಳಕ್ಕೆ ಸರಿಯುತ್ತದೆ. ಅದೇ ಹಕ್ಕಿಯನ್ನು ನಾವು ನಿಂತಲ್ಲಿಗೆ ಕರೆಸಿಕೊಳ್ಳಬಹುದು. ಬೇಕಾದ್ದು ತುಟಿ, ಉಸಿರು, ಎರಡು ಕೈ ಮತ್ತು ಸಾಕಷ್ಟು ತಾಳ್ಮೆ. ಸದ್ದು ತೆಗೆಯುವುದನ್ನು ಒಂದು ವಾರದಲ್ಲಿ ಕಲಿಯಬಹುದು. ಯಾವ ಸದ್ದಿಗೆ ಹಕ್ಕಿ ಏನೆಂದು ಅರ್ಥ ಮಾಡಿಕೊಳ್ಳುತ್ತದೆ ಎಂದು ತಿಳಿಯಲು ಹೆಚ್ಚು ಕಾಲ ಬೇಕು. ಅದು ತಿಳಿಯದೆ ಮಾಡಿದರೆ ಹಕ್ಕಿ ಬರುವುದಿಲ್ಲ. ಬಂದರೂ ಅದಕ್ಕೆ ತೊಂದರೆಯೇ ಹೆಚ್ಚು.

ಹಕ್ಕಿ ಯಾಕೆ ಬರುತ್ತದೆ

ನಮ್ಮ ದನಿ ಇಂಪಾಗಿದೆ ಎಂದು ಯಾವ ಹಕ್ಕಿಯೂ ಬರುವುದಿಲ್ಲ. ಬರುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ.

ಮೊದಲನೆಯದು ಗದರಿಕೆ. ಹಗಲಲ್ಲಿ ಕೂತ ಗೂಬೆಯೋ ಕೊಂಬೆ ಮೇಲಿನ ಹಾವೋ ಕಣ್ಣಿಗೆ ಬಿದ್ದರೆ ಸಣ್ಣ ಹಕ್ಕಿಗಳು ಒಟ್ಟು ಸೇರಿ ಅದರ ಸುತ್ತ ಗಲಾಟೆ ಎಬ್ಬಿಸುತ್ತವೆ. ಒಂದು ಹಕ್ಕಿ ಬೈಯಲು ಶುರು ಮಾಡಿದರೆ ಬೇರೆ ಜಾತಿಯವೂ ಓಡಿ ಬಂದು ದನಿಗೂಡಿಸುತ್ತವೆ. ಎರಡನೆಯದು ಸರಹದ್ದು. ತನ್ನ ಜಾಗದಲ್ಲಿ ಇನ್ನೊಂದು ಗಂಡು ಹಾಡುತ್ತಿದೆ ಎಂದು ಕೇಳಿಸಿದರೆ ಆ ಜಾಗದ ಗಂಡು ವಿಚಾರಿಸಲು ಬರುತ್ತದೆ. ಮೂರನೆಯದು ಜೊತೆ. ಹಿಂಡಿನ ಹಕ್ಕಿಗಳು ಒಂದನ್ನೊಂದು ಕಳೆದುಕೊಳ್ಳದಿರಲು ಮೆಲ್ಲಗೆ ಕರೆಯುತ್ತಿರುತ್ತವೆ. ಆ ಕರೆಯನ್ನು ಅನುಕರಿಸಿದರೆ ತಪ್ಪಿಹೋದ ಹಕ್ಕಿ ಕೆಲವೊಮ್ಮೆ ನಮ್ಮತ್ತ ತಿರುಗುತ್ತದೆ. ಬಾತು, ಹೆಬ್ಬಾತುಗಳನ್ನು ಕರೆಯುವ ಊದುಗೊಳವೆಗಳು ಇದನ್ನೇ ನಂಬಿಕೊಂಡಿವೆ.

ಕಲಿಯುವವರಿಗೆ ಗದರಿಕೆಯೇ ಸುಲಭ. ಒಂದೇ ಸದ್ದಿಗೆ ಹಲವು ಜಾತಿಗಳು ಬರುತ್ತವೆ, ಸ್ವರ ಚೂರು ಆಚೀಚೆ ಆದರೂ ನಡೆಯುತ್ತದೆ. ಸರಹದ್ದಿನ ಹಾಡಿಗೆ ಆ ರಿಯಾಯಿತಿ ಇಲ್ಲ. ಅದು ಹಕ್ಕಿಗೆ ಹೆಚ್ಚು ದಣಿವು ತರುವಂಥದ್ದೂ ಹೌದು.

ಪಿಶ್: ತುಟಿಯಿಂದ ಗದರುವುದು

ಪಕ್ಷಿವೀಕ್ಷಕರು ಪಿಶಿಂಗ್ ಎಂದು ಕರೆಯುವ ಈ ಸದ್ದು ಚೇಕಡಿಯಂಥ ಹಕ್ಕಿಗಳ ಒರಟು ಬೈಗುಳವನ್ನು ಹೋಲುತ್ತದೆ. ಒರಟಾಗಿರುವುದರಲ್ಲೇ ಇದರ ಗುಟ್ಟಿದೆ. ಹಕ್ಕಿಗಳ ಎಚ್ಚರಿಕೆಯ ಕೂಗುಗಳಲ್ಲಿರುವ ವ್ಯತ್ಯಾಸವನ್ನು 1955ರಲ್ಲಿ ಪ್ರಾಣಿಗಳ ಕೂಗನ್ನು ಅಧ್ಯಯನ ಮಾಡಿದ ವಿಜ್ಞಾನಿ ಪೀಟರ್ ಮಾರ್ಲರ್ ವಿವರಿಸಿದರು. ಗದರುವ ಸದ್ದು ಥಟ್ಟನೆ ಶುರುವಾಗುತ್ತದೆ, ತಗ್ಗು ಎತ್ತರದ ಹಲವು ಸ್ವರಗಳು ಅದರಲ್ಲಿ ಕಲಸಿಕೊಂಡಿರುತ್ತವೆ. ಹಾಗಾಗಿ ಅದು ಯಾವ ದಿಕ್ಕಿನಿಂದ ಬಂತು ಎಂದು ಪತ್ತೆ ಹಚ್ಚುವುದು ಸುಲಭ. ಎಲ್ಲರೂ ಇಲ್ಲಿ ಬನ್ನಿ ಎನ್ನಲು ಅದೇ ಬೇಕು. ಆಕಾಶದಲ್ಲಿ ಡೇಗೆ ಕಂಡಾಗ ಕೊಡುವ ಕೂಗು ಇದಕ್ಕೆ ತದ್ವಿರುದ್ಧ. ಕೂದಲೆಳೆಯಂಥ ಒಂದೇ ಎತ್ತರದ 'ಸೀಈಈ', ಮೆಲ್ಲಗೆ ಹುಟ್ಟಿ ಮೆಲ್ಲಗೆ ಕರಗುತ್ತದೆ. ಎಲ್ಲಿಂದ ಬಂತು ಎಂದು ಗೊತ್ತಾಗುವುದೇ ಕಷ್ಟ. ಅದನ್ನು ಕೇಳಿದ ಹಕ್ಕಿಗಳು ಇದ್ದಲ್ಲೇ ಕಲ್ಲಾಗುತ್ತವೆ.

ಹೊಸಬರ ಮೊದಲ ತಪ್ಪು ಇಲ್ಲೇ ಆಗುತ್ತದೆ. ಹಲ್ಲಿನ ಸಂದಿಯಿಂದ 'ಸ್ಸ್ಸ್' ಎಂದು ತೆಳ್ಳಗೆ ಎಳೆದರೆ ಅದು ಬನ್ನಿ ಎನ್ನುವ ಗುಂಪಿನಿಂದ ಜಾರಿ ಅಡಗಿರಿ ಎನ್ನುವ ಗುಂಪಿನ ಹತ್ತಿರ ಹೋಗುತ್ತದೆ. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಪೊದೆ ಒಮ್ಮೆಗೇ ಮೌನವಾದರೆ ಮೊದಲು ನಿಮ್ಮ ಸದ್ದನ್ನೇ ಅನುಮಾನಿಸಿ.

ಮಾಡುವ ಕ್ರಮ ಹೀಗೆ. ತುಟಿ ಮುಚ್ಚಿ, ಮೇಲಿನ ಮತ್ತು ಕೆಳಗಿನ ಹಲ್ಲು ಹಗುರಾಗಿ ತಾಕುವಂತೆ ಇಟ್ಟುಕೊಳ್ಳಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿನ ದಿಬ್ಬದ ಹತ್ತಿರ ಇರಲಿ, ಅಂಟಬಾರದು. 'ಪ್' ಎಂದು ತುಟಿ ಒಡೆದು ತಕ್ಷಣ 'ಶ್' ಬಿಡಿ. ಅರ್ಧ ಸೆಕೆಂಡು ಆಗುವ ಮೊದಲೇ ಉಸಿರು ಕತ್ತರಿಸಿ. 'ಪ್ಶ್'. ಆ 'ಪ್' ಇಲ್ಲದಿದ್ದರೆ ಥಟ್ಟನೆಯ ಶುರು ಸಿಗುವುದಿಲ್ಲ, ಸದ್ದು ಬರೀ ಗಾಳಿಯಾಗುತ್ತದೆ. ಎರಡು ಸೆಕೆಂಡಿನಲ್ಲಿ ಇಂಥ ಮೂರು, ಮತ್ತೆ ಎರಡು ಸೆಕೆಂಡು ಬಿಡುವು. ಹೀಗೆ ನಾಲ್ಕೈದು ಸಲ. ಇದು ಒಂದು ಸುತ್ತು, ಸುಮಾರು ಇಪ್ಪತ್ತು ಸೆಕೆಂಡು. ಆಮೇಲೆ ಅರ್ಧ ನಿಮಿಷ ಪೂರ್ತಿ ಸುಮ್ಮನಿರಿ.

ಈ ಅರ್ಧ ನಿಮಿಷ ಬಹಳ ಮುಖ್ಯ. ಹಕ್ಕಿ ಸದ್ದು ಕೇಳುತ್ತಲೇ ಹೊರಗೆ ಹಾರುವುದಿಲ್ಲ. ಮೊದಲು ಒಂದು ಸಣ್ಣ 'ಚಿಕ್' ಎನ್ನುತ್ತದೆ, ಆಮೇಲೆ ಒಂದು ಕೊಂಬೆ ಹತ್ತಿರ ಬರುತ್ತದೆ, ಕತ್ತು ಓರೆ ಮಾಡಿ ನೋಡುತ್ತದೆ. ನೀವು ಬಿಡುವಿಲ್ಲದೆ ಪಿಶ್ ಪಿಶ್ ಎನ್ನುತ್ತಿದ್ದರೆ ಆ 'ಚಿಕ್' ಕಿವಿಗೆ ಬೀಳುವುದಿಲ್ಲ. ಬಂದ ಹಕ್ಕಿಯನ್ನು ಬಂದಿಲ್ಲವೆಂದುಕೊಂಡು ಹೊರಟುಬಿಡುತ್ತೀರಿ.

ಮೊದಲ ಸುತ್ತಿನ ದನಿ ಹತ್ತು ಹೆಜ್ಜೆ ಆಚೆ ನಿಂತವರಿಗೆ ಕೇಳಿಸಿಯೂ ಕೇಳಿಸದಷ್ಟಿರಲಿ. ಎರಡನೆಯದನ್ನು ಸ್ವಲ್ಪ ಏರಿಸಬಹುದು. ಉತ್ತರ ಬಂದ ಮೇಲೆ ಏರಿಸಬಾರದು, ಇಳಿಸಬೇಕು. ಹಕ್ಕಿ ಹತ್ತಿರವಿದ್ದಾಗ ಜೋರು ಪಿಶ್ ಅದನ್ನು ಬೆಚ್ಚಿಬೀಳಿಸುತ್ತದೆ. ಬಂದು ಕೂತು ಆಸಕ್ತಿ ಕಳೆದುಕೊಳ್ಳುತ್ತಿದೆ ಎನಿಸಿದರೆ ದನಿಯ ಬದಲು ಲಯ ಬದಲಿಸಿ: 'ಪ್ಶ್, ಪ್ಶ್, ಪ್ಶ್‌ಶಿಶಿಶಿಶಿ' ಎಂದು ಕೊನೆಗೆ ಚಿಕ್ಕ ಚಿಕ್ಕ ತುಂಡುಗಳನ್ನು ಸೇರಿಸಿ. ಇದಕ್ಕೆ ಗಟ್ಟಿ ಆಧಾರವಿದೆ. ಉತ್ತರ ಅಮೆರಿಕದ ಕಪ್ಪುನೆತ್ತಿಯ ಚಿಕಡೀ ಹಕ್ಕಿ ಎದುರಿನ ಹಂತಕ ಎಷ್ಟು ಅಪಾಯಕಾರಿ ಎಂಬುದಕ್ಕೆ ತಕ್ಕಂತೆ ತನ್ನ ಕೂಗಿನ ಕೊನೆಯ 'ಡೀ'ಗಳ ಸಂಖ್ಯೆ ಹೆಚ್ಚಿಸುತ್ತದೆ ಎಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ದೊಡ್ಡ ಗೂಬೆಗೆ ಕಡಿಮೆ 'ಡೀ', ಸಣ್ಣ ಹಕ್ಕಿಗಳನ್ನು ಬೆನ್ನಟ್ಟಿ ಹಿಡಿಯಬಲ್ಲ ಚುರುಕಾದ ಪುಟ್ಟ ಗೂಬೆಗೆ ಹೆಚ್ಚು 'ಡೀ'. ಅಂದರೆ ತುರ್ತನ್ನು ಹೇಳುವುದಕ್ಕೆ ಕೂಗಿನ ತುಂಡುಗಳ ಎಣಿಕೆಯೂ ಸಾಕಾಗುತ್ತದೆ.

ನಾಲ್ಕೈದು ಸುತ್ತು, ಅಂದರೆ ನಾಲ್ಕು ನಿಮಿಷ ಕಳೆದರೂ ಏನೂ ಇಲ್ಲವೆಂದರೆ ಅಲ್ಲಿ ನಿಂತು ಫಲವಿಲ್ಲ. ನೂರೈವತ್ತು ಇನ್ನೂರು ಹೆಜ್ಜೆ ಮುಂದೆ ಹೋಗಿ ಮತ್ತೆ ಮೆಲ್ಲಗೆ ಶುರು ಮಾಡಿ.

ಪಿಶ್‌ಗೆ ಒಲಿಯುವವು ಚೇಕಡಿ, ಉಲಿಯಕ್ಕಿ, ಟುವ್ವಿ, ಬೆಳ್ಗಣ್ಣ, ನೊಣಹಿಡುಕ, ಪಿಕಳಾರ, ಕಾಜಾಣಗಳಂಥ ಎಲೆ ಕೊಂಬೆಗಳ ನಡುವೆ ಹುಳ ಹೆಕ್ಕುವ ಹಕ್ಕಿಗಳು. ಬೆಳವ, ಗಿಳಿ, ಮಿಂಚುಳ್ಳಿಗಳನ್ನು ಹೀಗೆ ಕರೆಯುವ ಆಸೆ ಬಿಡಿ. ಹಲವು ಜಾತಿಗಳು ಸೇರಿ ಮೇಯುವ ಮಿಶ್ರ ಹಿಂಡು ಸಿಕ್ಕರೆ ಅದೇ ಒಳ್ಳೆಯ ಅವಕಾಶ. ಹಿಂಡಿನಲ್ಲಿ ಬೇಗ ಬೈಯುವ ಹಕ್ಕಿ ಯಾವುದೋ ಅದನ್ನು ಒಲಿಸಿಕೊಂಡರೆ ಉಳಿದವು ಅದರ ಹಿಂದೆ ಬರುತ್ತವೆ.

ಮುಂಗೈ ಮುತ್ತಿನ ಚೀರು

ತೋರುಬೆರಳ ಗೆಣ್ಣಿನ ಪಕ್ಕವನ್ನೋ ಮುಂಗೈ ಹಿಂಬದಿಯನ್ನೋ ತುಟಿಗೆ ಒತ್ತಿ, ಉಸಿರನ್ನು ಒಳಕ್ಕೆ ಎಳೆಯಿರಿ. ತುಟಿಯ ಅಂಚಿನಲ್ಲಿ ಒಂದು ಸಣ್ಣ ಸಂದಿ ಉಳಿದಿರಬೇಕು. 'ಚ್ವೀಕ್' ಎಂದು ಎತ್ತರದ, ಗೋಳಿನಂಥ ಚೀರು ಬರುತ್ತದೆ. ಸಿಕ್ಕಿಬಿದ್ದ ಹಕ್ಕಿಮರಿಯ ಕೂಗಿನ ಹೋಲಿಕೆ ಇದು. ತುಟಿ ಒದ್ದೆಯಾಗಿರಬೇಕು, ಕೈ ಒಣಗಿರಬೇಕು. ಎರಡೂ ಒದ್ದೆಯಾದರೆ ಜಾರಿ ಬರೀ ಗಾಳಿ ಬರುತ್ತದೆ, ಎರಡೂ ಒಣಗಿದ್ದರೆ ಚೀರು ಒಡೆಯುತ್ತದೆ. ಸೊಳ್ಳೆಗೆ ಹಚ್ಚುವ ಮುಲಾಮು ಸವರಿದ ಕೈಯಲ್ಲಿ ಮಾಡಲೇಬೇಡಿ.

ಸಾಮಾನ್ಯ ಪಿಶ್‌ಗೆ ಬಾರದ ಪೊದೆಹಕ್ಕಿಗಳು ಇದಕ್ಕೆ ಬರುವುದುಂಟು. ಆದರೆ ಈ ಸದ್ದು ಬೇಟೆಗಾರರನ್ನೂ ಕರೆಯುತ್ತದೆ. ಡೇಗೆ, ಕಾಗೆ, ಬೆಕ್ಕು, ಮುಂಗುಸಿ ಯಾವುದೂ ಬರಬಹುದು. ಅಲ್ಲಿಗೆ ನೀವು ಸಣ್ಣ ಹಕ್ಕಿಗಳನ್ನು ಬಯಲಿಗೆ ಕರೆದು, ಅವುಗಳ ಶತ್ರುವನ್ನೂ ಕರೆದಂತಾಯಿತು. ಒಂದು ಜಾಗದಲ್ಲಿ ಎರಡು ಮೂರು ಚೀರು ಸಾಕು. ಎರಡು ಹೆಬ್ಬೆರಳ ನಡುವೆ ಹುಲ್ಲಿನೆಸಳು ಬಿಗಿದು ಊದಿದಾಗ ಬರುವ ಕಿರುಚಾಟ ಇದಕ್ಕಿಂತ ಹತ್ತು ಪಾಲು ಜೋರು. ಅದಕ್ಕೆ ಸಣ್ಣ ಹಕ್ಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಕ್ಕಿ ಕರೆಯುವ ಕೆಲಸಕ್ಕೆ ಅದು ಬೇಡ.

ತಿರುಪಿನ ಕರೆಯೂ ಇದೇ ಬಳಗದ್ದು. ಮರದ ಪುಟ್ಟ ಕೊಳವೆಯೊಳಗೆ ಲೋಹದ ಬೆಣೆ, ನಡುವೆ ರಾಳದ ಪುಡಿ. ಆಡುಬಾನ್ ಬರ್ಡ್ ಕಾಲ್ ಎಂದು ಹೆಸರಾದದ್ದು ಇಂಥದ್ದೇ. ತಿರುಪಿದಾಗ ಚಿಲಿಪಿಲಿ ಎನ್ನುತ್ತದೆ. ಕೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಬಾಯಿ ಒಣಗಿದಾಗ ಉಪಕಾರಿ. ಕಿರುಗುಟ್ಟುವುದು ನಿಂತರೆ ರಾಳ ಸವೆದಿದೆ ಎಂದರ್ಥ, ಚಿಟಿಕೆ ರಾಳದ ಪುಡಿ ಹಾಕಿ. ಎಣ್ಣೆ ಹಾಕಿದರೆ ಅದು ಮೂಕವಾಗುತ್ತದೆ.

ಗೂಬೆಯ ಸಿಳ್ಳೆ

ಗದರಿಕೆಯನ್ನು ಅನುಕರಿಸುವುದು ಒಂದು ದಾರಿಯಾದರೆ, ಗದರಿಸಿಕೊಳ್ಳುವ ಗೂಬೆಯನ್ನೇ ಅನುಕರಿಸುವುದು ಇನ್ನೊಂದು. ಹಗಲಲ್ಲೂ ಓಡಾಡುವ, ಸಣ್ಣ ಹಕ್ಕಿಗಳನ್ನು ಹಿಡಿಯುವ ಪುಟ್ಟ ಗೂಬೆಗಳ ಕೂಗು ಇದಕ್ಕೆ ಸರಿ. ಅವುಗಳ ಕೂಗು ಮನುಷ್ಯರ ಸಿಳ್ಳೆಯ ಎತ್ತರಕ್ಕೆ ಹೊಂದುತ್ತದೆ ಎನ್ನುವುದು ನಮ್ಮ ಪುಣ್ಯ.

ನೀವಿರುವ ಕಾಡಿನಲ್ಲಿ ವಾಸವಿರುವ ಗೂಬೆಯನ್ನೇ ಆರಿಸಿಕೊಳ್ಳಿ. ಯುರೋಪಿನ ಪಿಗ್ಮಿ ಗೂಬೆಯದು ಒಂದೇ ಎತ್ತರದ ಒಂಟಿ ಸಿಳ್ಳೆ, ಸುಮಾರು ಎರಡು ಸೆಕೆಂಡಿಗೊಂದು. ಹಿಮಾಲಯದಿಂದ ಆಗ್ನೇಯ ಏಷ್ಯಾದವರೆಗೆ ಇರುವ ಕೊರಳಪಟ್ಟಿಯ ಪುಟ್ಟ ಗೂಬೆಯದು ನಾಲ್ಕು ಸ್ವರದ ತುಂಡು: 'ಟೂ, ಟುಟು, ಟೂ', ನಡುವಿನ ಎರಡು ಹತ್ತಿರ ಹತ್ತಿರ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೆಂಗಂದು ಪಿಗ್ಮಿ ಗೂಬೆ ಸೆಕೆಂಡಿಗೆ ಎರಡು ಮೂರರಂತೆ ಒಂದೇ ಎತ್ತರದಲ್ಲಿ ಉದ್ದಕ್ಕೂ ಊದುತ್ತದೆ. ಗೂಬೆಯನ್ನು ಗುರುತಿಸುವಂತೆ ಮಾಡುವುದು ಈ ಲಯ. ಎತ್ತರ ಅರ್ಧ ಸ್ವರ ತಪ್ಪಿದರೂ ಹಕ್ಕಿಗಳು ಬರುತ್ತವೆ, ಲಯ ತಪ್ಪಿದರೆ ಬರುವುದು ಕಡಿಮೆ. ಫೋನಿನಲ್ಲಿ ತಾಳ ಹಾಕುವ ಮೆಟ್ರೋನೋಮ್ ಇಟ್ಟುಕೊಂಡು ಮನೆಯಲ್ಲಿ ಅಭ್ಯಾಸ ಮಾಡಿ. ಎರಡು ಸೆಕೆಂಡಿಗೊಂದು ಎಂದರೆ ನಿಮಿಷಕ್ಕೆ 30ರ ತಾಳ.

ಸಿಳ್ಳೆಯನ್ನು ನಾಲಿಗೆಯಿಂದ 'ಟು' ಎಂದು ಒಡೆದು ಶುರು ಮಾಡಬೇಡಿ. ಗೂಬೆಯ ಸ್ವರ ಮೃದುವಾಗಿ ಹುಟ್ಟುತ್ತದೆ. ಎದೆಯಿಂದ 'ಹು' ಎಂದು ಉಸಿರು ತಳ್ಳಿ, ತುಟಿಯಲ್ಲಿ ಸಿಳ್ಳೆಯಾಗಲಿ. ಹನ್ನೆರಡು ಹದಿನೈದು ಸ್ವರ ಊದಿ, ನಿಲ್ಲಿಸಿ, ಕೇಳಿಸಿಕೊಳ್ಳಿ. ಒಂದು 'ಚಿಕ್' ಉತ್ತರ ಬಂದರೆ ಆಗ ಮೆಲ್ಲಗೆ ಪಿಶ್ ಸೇರಿಸಿ. ಗೂಬೆ ಇದೆ, ಅದನ್ನು ಯಾರೋ ಬೈಯುತ್ತಲೂ ಇದ್ದಾರೆ ಎಂಬ ಪೂರ್ತಿ ಸಂದರ್ಭ ಹಕ್ಕಿಗೆ ಸಿಗುತ್ತದೆ. ಬಾಯಿಂದ ಮಾಡಬಹುದಾದ ಕರೆಗಳಲ್ಲಿ ಇದಕ್ಕಿಂತ ಬಲವಾದದ್ದು ಇಲ್ಲ. ಹಾಗಾಗಿಯೇ ಮಿತವಾಗಿ ಬಳಸಬೇಕು.

ನಿಜವಾದ ಗೂಬೆ ಬರುವುದೂ ಉಂಟು. ಮುಸ್ಸಂಜೆಯಲ್ಲಿ ಸದ್ದಿಲ್ಲದೆ ತಲೆಯ ಮೇಲೆ ಹಾದುಹೋಗಬಹುದು, ಮರಿಗಳಿರುವ ಕಾಲವಾದರೆ ಎರಗಲೂಬಹುದು. ಟೋಪಿ, ಕನ್ನಡಕ ಇರಲಿ. ರಾತ್ರಿ ಪುಟ್ಟ ಗೂಬೆಯ ಕೂಗು ಹಾಕಿದರೆ ಅದನ್ನು ತಿನ್ನುವ ದೊಡ್ಡ ಗೂಬೆಯ ಕಿವಿಗೂ ಬೀಳುತ್ತದೆ. ಉತ್ತರ ಕೊಟ್ಟ ಪುಟ್ಟ ಗೂಬೆ ಆ ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ. ಕತ್ತಲಾದ ಮೇಲೆ ಇದನ್ನು ಮಾಡದಿರುವುದೇ ಮೇಲು.

ಬೊಗಸೆಯ ಕೊಳಲು, ಕೋಗಿಲೆಯ ಸಿಳ್ಳೆ

ಕುಕ್ಕೂ, ಕೆಂಬೂತ, ದೊಡ್ಡ ಗೂಬೆಗಳ ತುಂಬುದನಿ ತುಟಿ ಸಿಳ್ಳೆಗೆ ಬರುವುದಿಲ್ಲ. ಅದಕ್ಕೆ ಬೊಗಸೆ ಬೇಕು. ಎಡ ಅಂಗೈಯನ್ನು ಮೇಲ್ಮುಖವಾಗಿ ಬಟ್ಟಲಿನಂತೆ ಹಿಡಿಯಿರಿ. ಬಲ ಅಂಗೈಯನ್ನು ಅದಕ್ಕೆ ಅಡ್ಡವಾಗಿ ಮುಚ್ಚಿ, ಬೆರಳುಗಳು ಎದುರು ಕೈಯನ್ನು ಬಳಸಲಿ. ಎರಡು ಹೆಬ್ಬೆರಳೂ ಪಕ್ಕಪಕ್ಕದಲ್ಲಿ, ಗೆಣ್ಣು ಬಾಗಿಸಿ ನಿಲ್ಲಲಿ. ಗೆಣ್ಣಿನ ಕೆಳಗೆ ಹೆಬ್ಬೆರಳುಗಳ ನಡುವೆ ಬೇಳೆಯಾಕಾರದ ಒಂದು ಸಂದಿ ಉಳಿಯುತ್ತದೆ. ತುಟಿಗಳನ್ನು ಗೆಣ್ಣುಗಳ ಮೇಲಿಟ್ಟು, ಕೆಳತುಟಿ ಆ ಸಂದಿಯ ಮೇಲಿನ ಅರ್ಧವನ್ನು ಮುಚ್ಚುವಂತೆ ಮಾಡಿ, ಉಳಿದ ಅರ್ಧದ ಮೂಲಕ ಉಸಿರನ್ನು ಬೊಗಸೆಯ ಒಳಕ್ಕೆ ಕೆಳಮುಖವಾಗಿ ಊದಿ.

ಮೊದಲ ದಿನ ಬರೀ ಗಾಳಿ ಬರುತ್ತದೆ. ನೂರರಲ್ಲಿ ತೊಂಬತ್ತು ಸಲ ಕಾರಣ ಸೋರಿಕೆ. ಮಣಿಕಟ್ಟಿನ ಹತ್ತಿರ ಅಂಗೈಗಳ ಬುಡ ಸೇರುವಲ್ಲಿ, ಕಿರುಬೆರಳ ಬುಡದಲ್ಲಿ ಬೆಳಕು ಕಾಣಿಸುತ್ತಿದೆಯೇ ನೋಡಿ. ಕೈಯನ್ನು ನೀರಲ್ಲಿ ಅದ್ದಿ ಒರೆಸಿಕೊಂಡರೆ ಚರ್ಮ ಚೆನ್ನಾಗಿ ಕೂಡುತ್ತದೆ. ಇನ್ನೊಂದು ಕಾರಣ ಜೋರಾಗಿ ಊದುವುದು. ಬಾಟಲಿಯ ಬಾಯಿಗೆ ಊದುವಷ್ಟು ಮೆಲ್ಲಗೆ ಸಾಕು. ಜೋರು ಮಾಡಿದರೆ ದನಿಯ ಬದಲು ತಲೆ ಸುತ್ತು ಬರುತ್ತದೆ. ಒಮ್ಮೆ 'ಹೂ' ಎಂದು ಹಿಡಿಯಿತೆಂದರೆ ಹೊರಗಿನ ಬೆರಳುಗಳನ್ನು ಎತ್ತಿ ನೋಡಿ: ಬೊಗಸೆ ತೆರೆದಂತೆ ಸ್ವರ ಏರುತ್ತದೆ, ಮುಚ್ಚಿದಂತೆ ಇಳಿಯುತ್ತದೆ.

ಯುರೋಪು, ಏಷ್ಯಾದ ಕುಕ್ಕೂ ಹಕ್ಕಿಗೆ ಇಷ್ಟೇ ಬೇಕು. ಬೆರಳು ತೆರೆದು 'ಕುಕ್', ಮುಚ್ಚಿ 'ಕೂ'. ಎರಡರ ಅಂತರ ಗಾಂಧಾರದಿಂದ ಷಡ್ಜಕ್ಕೆ ಇಳಿದಷ್ಟು. ಒಂದು ಒಂದೂವರೆ ಸೆಕೆಂಡಿಗೊಂದರಂತೆ ಹತ್ತು ಸಲ. ಮರಿಮಾಡುವ ಕಾಲದಲ್ಲಿ ಗಂಡು ಕುಕ್ಕೂ ಇದಕ್ಕೆ ನೇರವಾಗಿ ಹಾರಿ ಬರುತ್ತದೆ, ಕೆಲವೊಮ್ಮೆ ತಲೆಯ ಮೇಲೇ ಸುತ್ತುತ್ತದೆ.

ನಮ್ಮ ಕೋಗಿಲೆಗೆ ಸಿಳ್ಳೆಯೇ ಸರಿ. ಗಂಡಿನ 'ಕುಊ' ಚಿಕ್ಕ 'ಕು'ವಿನಿಂದ ಶುರುವಾಗಿ ಉದ್ದದ 'ಊ'ವಿಗೆ ಜಾರುತ್ತಾ ಏರುತ್ತದೆ. ಮುಖ್ಯವಾದ ಸಂಗತಿ ಅದು ಮುಂದುವರಿಯುವ ರೀತಿ. ಪ್ರತಿ 'ಕುಊ' ಹಿಂದಿನದಕ್ಕಿಂತ ತುಸು ಎತ್ತರ, ತುಸು ಗಟ್ಟಿ. ಏಳೆಂಟರ ಹೊತ್ತಿಗೆ ಉತ್ತುಂಗಕ್ಕೇರಿ ಗಕ್ಕನೆ ನಿಲ್ಲುತ್ತದೆ. ಒಂದೇ ಎತ್ತರದಲ್ಲಿ ಕುಊ ಕುಊ ಎನ್ನುತ್ತಿದ್ದರೆ ಅದು ಕೋಗಿಲೆಯ ಲೆಕ್ಕದಲ್ಲಿ ಕೂಗೇ ಅಲ್ಲ. ಹಾಗಾಗಿ ನಿಮ್ಮ ಸಿಳ್ಳೆಗೆ ಸಾಧ್ಯವಿರುವ ಅತಿ ತಗ್ಗಿನ ಸ್ವರದಿಂದ ಶುರು ಮಾಡಿ, ಇಲ್ಲವಾದರೆ ಐದನೆಯದಕ್ಕೇ ಏರಲು ಜಾಗವಿರುವುದಿಲ್ಲ. ಮುಗಿದ ಮೇಲೆ ಹದಿನೈದು ಇಪ್ಪತ್ತು ಸೆಕೆಂಡು ಬಿಡಿ. ಅದು ಉತ್ತರಿಸುತ್ತಿರುವಾಗ ನಡುವೆ ಬಾಯಿ ಹಾಕಬೇಡಿ. ಕೋಗಿಲೆ ಉತ್ತರ ಕೊಡುವುದು ಬೇಗ, ಕಣ್ಣಿಗೆ ಬೀಳುವುದು ನಿಧಾನ. ಎಲೆ ದಟ್ಟವಿರುವ ಮರಕ್ಕೇ ಬಂದು ಕೂರುತ್ತದೆ. ದನಿ ಬಂದ ಕಡೆ ಕೆಂಪು ಕಣ್ಣನ್ನು ಹುಡುಕಿ.

ಕುಟ್ರು ಹಕ್ಕಿ, ಕೆಂಬೂತಗಳಿಗೂ ಇದೇ ಕ್ರಮ: ಮೊದಲು ಲಯ, ಆಮೇಲೆ ಎತ್ತರ, ಕೊನೆಗೆ ಸ್ವರದ ಗುಣ. ಕಂಚುಗಾರ ಹಕ್ಕಿಯ 'ಟಂಕ್ ಟಂಕ್' ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬಡಿಯುತ್ತದೆ. ನಿಧಾನಿಸಿದರೆ ಅದು ನಂಬುವುದಿಲ್ಲ.

ಬಾಯಿ ಬೇಡದ ಕರೆಗಳು

ಎಲ್ಲ ಹಕ್ಕಿಯ ಸದ್ದೂ ಕೊರಳಿನದೇ ಆಗಬೇಕಿಲ್ಲ, ನಮ್ಮ ಅನುಕರಣೆಯೂ ಹಾಗೇ. ಉತ್ತರ ಅಮೆರಿಕದ ಜೌಗಿನಲ್ಲಿ ಅಡಗಿರುವ ಯೆಲ್ಲೋ ರೈಲ್ ಹಕ್ಕಿಯ ಕೂಗು ಎರಡು ಬೆಣಚುಕಲ್ಲು ತಟ್ಟಿದಂತಿದೆ: ಟಿಕ್‌ಟಿಕ್, ಟಿಕ್‌ಟಿಕ್‌ಟಿಕ್. ಎರಡು, ಮೂರು, ಎರಡು, ಮೂರು ಎಂದು ತಟ್ಟಿದರೆ ರಾತ್ರಿ ಹೊತ್ತು ಗಂಡು ಉತ್ತರಿಸುತ್ತದೆ. ಹುಲ್ಲುಗಾವಲಿನ ಕಾರ್ನ್‌ಕ್ರೇಕ್‌ನ ವೈಜ್ಞಾನಿಕ ಹೆಸರೇ ಕ್ರೆಕ್ಸ್ ಕ್ರೆಕ್ಸ್, ಅದರ ಕೂಗೂ ಅದೇ. ಬಾಚಣಿಗೆಯ ಹಲ್ಲಿನ ಮೇಲೆ ಉಗುರನ್ನೋ ಗಟ್ಟಿ ಕಾರ್ಡನ್ನೋ ಎರಡೆರಡು ಸಲ ಎಳೆದರೆ ಸಾಕು.

ಮರಕುಟಿಗನ ತಮಟೆ ಕಷ್ಟ, ಸೆಕೆಂಡಿಗೆ ಹದಿನೈದಿಪ್ಪತ್ತು ಏಟು ಕೈಯಲ್ಲಿ ಬರುವುದಿಲ್ಲ. ಅಮೆರಿಕ ಖಂಡಗಳ ಕ್ಯಾಂಪೆಫಿಲಸ್ ಕುಲದ ದೊಡ್ಡ ಮರಕುಟಿಗಗಳಲ್ಲಿ ಹಲವು ಜೋಡಿ ಏಟು ಕೊಡುತ್ತವೆ. ಎರಡು ಕಡ್ಡಿಗಳನ್ನು ಒಂದೇ ಕೈಯಲ್ಲಿ ತುಸು ಸಡಿಲವಾಗಿ ಹಿಡಿದು ಒಣಮರಕ್ಕೆ ಹೊಡೆದರೆ ಒಂದರ ಹಿಂದೆ ಒಂದು ತಾಕಿ 'ಟಾಕ್-ಟಕ್' ಬರುತ್ತದೆ. ಮೊದಲನೆಯದು ಗಟ್ಟಿ, ಎರಡನೆಯದು ಅದರ ಬಾಲದಂತೆ.

ನಿಲ್ಲುವ ಜಾಗ, ಹೊತ್ತು

ಸದ್ದು ಎಷ್ಟೇ ಚೆನ್ನಾಗಿದ್ದರೂ ನಿಂತ ಜಾಗ ತಪ್ಪಿದರೆ ಹಕ್ಕಿ ಕಾಣುವುದಿಲ್ಲ. ಬಯಲಿನ ನಡುವೆ ನಿಂತು ಕರೆದರೆ ಬಂದು ಕೂರಲು ಅದಕ್ಕೆ ಕೊಂಬೆಯಿಲ್ಲ. ದಟ್ಟ ಪೊದೆಯೊಳಗೆ ನಿಂತರೆ ಅದು ನಿಮ್ಮ ಬೆನ್ನ ಹಿಂದೆ ಬಂದು ಹೋಗಿರುತ್ತದೆ. ಕಾಡಿನ ಅಂಚು, ದಾರಿ ತಿರುಗುವ ಕಡೆ, ಪೊದೆಯಿಂದ ಮೂರು ನಾಲ್ಕು ಮೀಟರು ದೂರ, ಬೆನ್ನಿಗೆ ಮರ, ಬೆನ್ನ ಹಿಂದೆ ಸೂರ್ಯ. ಎದುರಿಗೆ ಎಲೆಯಿಲ್ಲದ ಒಂದೆರಡು ಕಡ್ಡಿ ಚಾಚಿಕೊಂಡಿದ್ದರೆ ಇನ್ನೂ ಒಳ್ಳೆಯದು, ವಿಚಾರಿಸಲು ಬರುವ ಹಕ್ಕಿ ಅಂಥ ಕಡ್ಡಿಯ ಮೇಲೆಯೇ ಕೂರುತ್ತದೆ. ಬೈನಾಕ್ಯುಲರ್ ಎದೆ ಮಟ್ಟದಲ್ಲಿ, ಪೊದೆಯ ದೂರಕ್ಕೆ ಮೊದಲೇ ಫೋಕಸ್ ಮಾಡಿ ಹಿಡಿದಿರಿ. ಹಕ್ಕಿ ಬಂದ ಮೇಲೆ ಕೈ ಎತ್ತಿ 'ಅಗೋ' ಎಂದು ತೋರಿಸಿದರೆ ಅಲ್ಲಿಗೆ ಮುಗಿಯಿತು. ಜೊತೆಯಲ್ಲಿ ಜನವಿದ್ದರೆ 'ಎಡಗಡೆ ಒಣಕಡ್ಡಿ, ಮೇಲಿನಿಂದ ಎರಡನೆಯದು' ಎಂದು ಪಿಸುಮಾತಲ್ಲಿ ಹೇಳಿ. ಕರೆಯುವವರು ಒಬ್ಬರೇ ಇರಲಿ. ಮೂವರು ಮೂರು ಕಡೆಯಿಂದ ಪಿಶ್ ಎಂದರೆ ಹಕ್ಕಿಗೆ ದಿಕ್ಕು ಸಿಗುವುದಿಲ್ಲ.

ಬೆಳಗಿನ ಮೊದಲ ಎರಡು ಮೂರು ಗಂಟೆ, ಮತ್ತು ಸಂಜೆ ಬಿಸಿಲು ಇಳಿದ ಮೇಲೆ ಒಳ್ಳೆಯ ಹೊತ್ತು. ಎಲೆ ಬಿಡುವಿಲ್ಲದೆ ಅಲ್ಲಾಡುವಷ್ಟು ಗಾಳಿ ಇದ್ದರೆ ಸದ್ದೂ ಹೋಗುವುದಿಲ್ಲ, ಹಕ್ಕಿಯೂ ಹೊರಗೆ ಬರುವುದಿಲ್ಲ. ಜಾಗಕ್ಕೆ ಬಂದ ತಕ್ಷಣ ಶುರು ಮಾಡಬೇಡಿ. ನಿಮ್ಮ ಹೆಜ್ಜೆ ಸದ್ದಿಗೆ ಸುಮ್ಮನಾದ ಹಕ್ಕಿಗಳು ಮತ್ತೆ ಮಾತಾಡುವವರೆಗೆ, ಮೂರರಿಂದ ಐದು ನಿಮಿಷ ಕಾಯಿರಿ. ಅಲ್ಲಿ ಯಾರ್ಯಾರಿದ್ದಾರೆ ಎಂದು ಗೊತ್ತಾಗುವುದೂ ಆಗಲೇ.

ಮನೆಯಲ್ಲಿ ಕಲಿಯುವುದು

ಕಾಡಿನ ಹಕ್ಕಿಗಳ ಮೇಲೆ ಅಭ್ಯಾಸ ಮಾಡಬೇಡಿ. 2005ರಲ್ಲಿ ಶುರುವಾದ ಕ್ಸೀನೋ-ಕ್ಯಾಂಟೋ ಜಾಲತಾಣದಲ್ಲಿ ಜಗತ್ತಿನ ಬಹುಪಾಲು ಹಕ್ಕಿಗಳ ದನಿ ಉಚಿತವಾಗಿ ಸಿಗುತ್ತದೆ. ನಿಮ್ಮ ಪ್ರದೇಶದಲ್ಲೇ ದಾಖಲಾದ ಧ್ವನಿ ಆರಿಸಿ, ಏಕೆಂದರೆ ಹಲವು ಹಕ್ಕಿಗಳ ಹಾಡು ಊರಿಂದೂರಿಗೆ ಬದಲಾಗುತ್ತದೆ. ಅದು ಹಾಡೋ, ಕರೆಯೋ, ಎಚ್ಚರಿಕೆಯೋ ಎಂದು ಜೊತೆಯಲ್ಲೇ ಬರೆದಿರುತ್ತದೆ, ಓದಿಕೊಳ್ಳಿ. ಎಚ್ಚರಿಕೆಯ ಕೂಗನ್ನು ಹಾಡೆಂದು ಕಲಿತರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ನಿಮ್ಮ ಸಿಳ್ಳೆಯನ್ನು ಫೋನಿನಲ್ಲಿ ದಾಖಲಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ ಎಂಬ ಸದ್ದಿನ ಚಿತ್ರವಾಗಿ ತೆರೆದು ಮೂಲದ ಪಕ್ಕದಲ್ಲಿಡಿ. ಕಿವಿಗೆ ಗೊತ್ತಾಗದ ತಪ್ಪು ಕಣ್ಣಿಗೆ ಕಾಣುತ್ತದೆ: ಹಕ್ಕಿಯ ಗೆರೆ ಏರುವಲ್ಲಿ ನಿಮ್ಮದು ಚಪ್ಪಟೆ, ಅದರ ಬಿಡುವು ಮುಕ್ಕಾಲು ಸೆಕೆಂಡಿರುವಲ್ಲಿ ನಿಮ್ಮದು ಅರ್ಧ. ಬಹುತೇಕ ಎಲ್ಲರೂ ಬಿಡುವನ್ನು ಕಡಿಮೆ ಮಾಡಿರುತ್ತಾರೆ. ಮನುಷ್ಯರ ಸಿಳ್ಳೆ ಸುಮಾರು 500ರಿಂದ 4000 ಹರ್ಟ್ಜ್‌ವರೆಗೆ. ಹಕ್ಕಿಯ ಗೆರೆ ಅದಕ್ಕಿಂತ ಮೇಲೆಯೇ ಇದ್ದರೆ, ಹಲವು ಉಲಿಯಕ್ಕಿಗಳದು ಹಾಗೇ ಇರುತ್ತದೆ, ಅದರ ಹಾಡನ್ನು ಕಲಿಯುವ ಹಟ ಬಿಟ್ಟು ಪಿಶ್ ಮಾಡಿ.

ಹಕ್ಕಿ ಕಲಿತುಬಿಡುತ್ತದೆ

ಒಂದೇ ದಾರಿಯಲ್ಲಿ ದಿನವೂ ಕರೆಯುವವರು ಕೆಲವೇ ದಿನಗಳಲ್ಲಿ ಒಂದು ಬದಲಾವಣೆ ಕಾಣುತ್ತಾರೆ. ಮೊದಲ ದಿನ ಎರಡು ಮೀಟರಿಗೆ ಬಂದ ಹಕ್ಕಿ ಈಗ ತಲೆಯನ್ನೂ ಎತ್ತುವುದಿಲ್ಲ. ನಿಮ್ಮ ಸದ್ದಿನ ಹಿಂದೆ ಗೂಬೆಯೂ ಇಲ್ಲ, ಎದುರಾಳಿಯೂ ಇಲ್ಲ ಎಂದು ಅದಕ್ಕೆ ಗೊತ್ತಾಗಿದೆ. ಇದರಲ್ಲಿ ಹೆಚ್ಚು ಯೋಚಿಸಬೇಕಾದದ್ದು ಬೇರೆ: ನಾಳೆ ನಿಜವಾದ ಗೂಬೆ ಬಂದು ನಿಜವಾದ ಹಕ್ಕಿ ಗದರಿದಾಗಲೂ ಅದು ತಡಮಾಡಿದರೆ?

ಕರೆಯ ಹಿಂದೆ ನಿಜವಾದ ಫಲವಿದ್ದರೆ ಹಕ್ಕಿ ಎಷ್ಟು ನಿಷ್ಠೆಯಿಂದ ಬರುತ್ತದೆ ಎನ್ನುವುದಕ್ಕೆ ಆಫ್ರಿಕದ ಹನಿಗೈಡ್ ಹಕ್ಕಿ ಸಾಕ್ಷಿ. ಮೊಜಾಂಬಿಕ್‌ನ ನಿಯಾಸಾ ಪ್ರದೇಶದಲ್ಲಿ ಯಾವ್ ಜನ ಜೇನು ಹುಡುಕಲು ಹೊರಟಾಗ 'ಬ್ರ್ರ್ರ್ರ್‌-ಹ್ಮ್' ಎಂದು ಕೂಗುತ್ತಾರೆ. ಹಕ್ಕಿ ಬಂದು ಜೇನುಗೂಡಿನ ದಾರಿ ತೋರುತ್ತದೆ. ಜನ ಜೇನು ತೆಗೆಯುತ್ತಾರೆ, ಹಕ್ಕಿಗೆ ಮೇಣ ಮತ್ತು ಹುಳು ಸಿಗುತ್ತವೆ. ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಸದ್ದುಗಳಿಗೆ ಸುಮಾರು 33 ಶೇಕಡಾ ಇದ್ದ ದಾರಿ ತೋರುವ ಸಾಧ್ಯತೆ ಈ ಕೂಗಿಗೆ 66 ಶೇಕಡಾ ಆಯಿತು. ಟಾಂಜಾನಿಯದ ಹಡ್ಜಾ ಜನ ಇದೇ ಹಕ್ಕಿಯನ್ನು ಸಿಳ್ಳೆಯಿಂದ ಕರೆಯುತ್ತಾರೆ. ಅಲ್ಲಿಯ ಹಕ್ಕಿ ಸಿಳ್ಳೆಗೆ, ನಿಯಾಸಾದ ಹಕ್ಕಿ 'ಬ್ರ್ರ್‌-ಹ್ಮ್'ಗೆ ಹೆಚ್ಚು ಓಗೊಡುತ್ತದೆ. ಸದ್ದಿನ ಅರ್ಥವನ್ನು ಹಕ್ಕಿ ತನ್ನ ಅನುಭವದಿಂದ ಕಟ್ಟಿಕೊಳ್ಳುತ್ತದೆ. ನಾವು ಪದೇ ಪದೇ ಸುಳ್ಳು ಕರೆದರೆ ಅದನ್ನೂ ಹಾಗೇ ಕಲಿಯುತ್ತದೆ.

ಹಾಗಾಗಿ ಒಂದು ಜಾಗದಲ್ಲಿ ದಿನಕ್ಕೆ ಒಂದೇ ಸಲ, ಐದು ನಿಮಿಷ ಮೀರದೆ. ಮತ್ತೆ ಆ ಜಾಗಕ್ಕೆ ವಾರವಾದರೂ ಬಿಡುವು ಕೊಡಿ. ಬಹಳ ಜನ ಹಕ್ಕಿ ನೋಡಲು ಬರುವ ತಾಣವಾದರೆ ಕರೆಯುವುದೇ ಬೇಡ, ನಿಮ್ಮ ಐದು ನಿಮಿಷದ ಹಿಂದೆ ಬೇರೆಯವರ ಐದು ನಿಮಿಷಗಳು ಸಾಲುಗಟ್ಟಿರುತ್ತವೆ. ಧ್ವನಿಮುದ್ರಿಕೆ ಹಾಕುವುದನ್ನು ಹಲವು ರಕ್ಷಿತ ತಾಣಗಳು ನಿಷೇಧಿಸಿವೆ. ಬಾಯಿಂದ ಮಾಡಿದ್ದಕ್ಕೂ ಅದೇ ನಿಯಮವೇ ಎಂದು ಮೊದಲೇ ಕೇಳಿಕೊಳ್ಳಿ.

ಯಾವಾಗ ಬಾಯಿ ಮುಚ್ಚಬೇಕು

ಅಪರೂಪದ, ಅಳಿವಿನಂಚಿನ ಹಕ್ಕಿಯನ್ನು ಕರೆಯಬೇಡಿ. ಸುಡು ಮಧ್ಯಾಹ್ನ, ಕೊರೆಯುವ ಚಳಿ, ಜಡಿಮಳೆ ನಿಂತ ಕೂಡಲೇ, ವಲಸೆ ಬಂದು ಇಳಿದ ದಿನ ಕರೆಯಬೇಡಿ. ಆಗ ಹಕ್ಕಿಗೆ ಮೇವಿನ ಒಂದೊಂದು ನಿಮಿಷವೂ ಬೇಕು. ಮರಿಮಾಡುವ ಕಾಲದಲ್ಲಿ ಸರಹದ್ದಿನ ಹಾಡನ್ನು ಮೂರು ಸಲಕ್ಕಿಂತ ಹೆಚ್ಚು ಹಾಕಬೇಡಿ. ಉತ್ತರ ಬಂತೋ, ಅಲ್ಲಿಗೆ ನಿಲ್ಲಿಸಿ. ಆ ಗಂಡು ತಾನು ಎದುರಾಳಿಯನ್ನು ಓಡಿಸಿದೆ ಎಂದುಕೊಂಡು ಮತ್ತೆ ಹಾಡಲು ಹೋಗಬೇಕು. ನೀವು ಮುಂದುವರಿಸಿದರೆ ಅದು ಕಾಣದ ಶತ್ರುವಿನ ಜೊತೆ ಅರ್ಧ ದಿನ ಸೆಣಸುತ್ತದೆ, ಅಷ್ಟರಲ್ಲಿ ಗೂಡಿಗೆ ಕಾವಲಿಲ್ಲ.

ಹಕ್ಕಿಯ ಮೈ ನೋಡಿದರೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಕತ್ತು ಓರೆ ಮಾಡಿ ನೋಡುವುದು, ಕೊಂಬೆಯಿಂದ ಕೊಂಬೆಗೆ ಜಿಗಿಯುವುದು ಕುತೂಹಲ. ರೆಕ್ಕೆ ಜೋಲಿಸಿ ನಡುಗಿಸುವುದು, ಗರಿ ಉಬ್ಬಿಸುವುದು, ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹಾರುವುದು, ನೀವು ಸುಮ್ಮನಾದ ಮೇಲೂ ಒಂದು ನಿಮಿಷ ಬೈಯುತ್ತಲೇ ಇರುವುದು ಸಂಕಟ. ಕೊಕ್ಕಿನಲ್ಲಿ ಹುಳ ಹಿಡಿದುಕೊಂಡು, ನುಂಗದೆ, ಎಲ್ಲಿಗೂ ಹೋಗದೆ, ಒಂದೇ ಕೊಂಬೆಯ ಮೇಲೆ ನಿಮ್ಮನ್ನೇ ನೋಡುತ್ತಾ ಕೂತಿದ್ದರೆ ಗೂಡು ಕೆಲವೇ ಹೆಜ್ಜೆ ದೂರದಲ್ಲಿದೆ, ಮರಿಗಳು ಹಸಿದಿವೆ, ನೀವು ಅಡ್ಡ ನಿಂತಿದ್ದೀರಿ. ಫೋಟೋ ಬೇಡ, ಇನ್ನೊಂದು ಪಿಶ್ ಬೇಡ. ಹಕ್ಕಿಯತ್ತ ಬೆನ್ನು ಮಾಡಿ, ಬಂದ ದಾರಿಯಲ್ಲೇ ಐವತ್ತು ಹೆಜ್ಜೆ ಹಿಂದಕ್ಕೆ ನಡೆಯಿರಿ. ಅಲ್ಲಿ ನಿಂತು ತಿರುಗಿ ನೋಡಿ. ಕೊಕ್ಕಿನಲ್ಲಿ ಹುಳವಿದ್ದ ಹಕ್ಕಿ ಪೊದೆಯೊಳಗೆ ಇಳಿದು ಖಾಲಿ ಕೊಕ್ಕಿನಲ್ಲಿ ಹೊರಬಂದರೆ ನೀವು ನಿಂತಿರುವ ದೂರ ಸರಿಯಿದೆ. ಇಲ್ಲದಿದ್ದರೆ ಇನ್ನೂ ಹಿಂದೆ ಸರಿಯಿರಿ.